ಸಮುದಾಯ ಸೇವೆಯಲ್ಲಿ ವಿದ್ಯಾರ್ಥಿಗಳು: ಗುರಿ ನಿರ್ಧಾರ ಮತ್ತು ಮೌಲ್ಯಮಾಪನ

ಚೆನ್ನೈ ಮಹಾನಗರದ ದಕ್ಷಿಣಕ್ಕಿರುವ ಪಲ್ಲಾವರಂನಲ್ಲಿ ಹಲವು ಕನ್ನಡ ಕುಟುಂಬಗಳು ನೆಲೆಸಿವೆ. ಈ ಮನೆಗಳ ಮಕ್ಕಳೂ ಇತರರಂತೆ ಶಾಲಾ ಕಾಲೇಜುಗಳ ಮೂಲಕ ಸಮುದಾಯ ಸೇವೆಗೆ ಹೋಗುತ್ತಾರೆ. ಅವಧಿ ಮುಗಿದಾಗ ಗಂಟೆಗಳ ಲೆಕ್ಕ ಬರೆದ ಪ್ರಮಾಣಪತ್ರವೊಂದು ಮನೆ ಸೇರುತ್ತದೆ. ಆ ಗಂಟೆಗಳಲ್ಲಿ ವಿದ್ಯಾರ್ಥಿ ಕಲಿತದ್ದೇನು, ಸೇವೆ ಪಡೆದವರಿಗೆ ದೊರೆತದ್ದೇನು ಎಂಬುದನ್ನು ಮಾತ್ರ ಆ ಪತ್ರ ತಿಳಿಸುವುದಿಲ್ಲ. ಈ ಎರಡು ಪ್ರಶ್ನೆಗಳಿಗೆ ಉತ್ತರ ದೊರೆಯಬೇಕಾದರೆ ಸೇವೆ ಆರಂಭವಾಗುವ ಮೊದಲೇ ಗುರಿ ನಿಶ್ಚಯವಾಗಿರಬೇಕು.

ಹಿನ್ನೆಲೆ

ರಾಷ್ಟ್ರೀಯ ಸೇವಾ ಯೋಜನೆಯು ಗಾಂಧೀಜಿಯವರ ಜನ್ಮ ಶತಮಾನೋತ್ಸವದ ವರ್ಷವಾದ 1969ರಲ್ಲಿ 37 ವಿಶ್ವವಿದ್ಯಾಲಯಗಳ ಸುಮಾರು 40,000 ವಿದ್ಯಾರ್ಥಿಗಳೊಡನೆ ಆರಂಭವಾಯಿತು. ಸ್ವಯಂಸೇವಕರು ವರ್ಷಕ್ಕೆ 120ರಂತೆ ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಸಲ್ಲಿಸುವುದು ಇದರ ನಿಯಮ. ಗಂಟೆಯ ಲೆಕ್ಕ ಶಿಸ್ತಿಗೆ ಅಗತ್ಯವೇ ಹೌದು. ಆದರೆ ಅದು ಹಾಜರಿಯ ಅಳತೆ, ಕೆಲಸದ ಅಳತೆಯಲ್ಲ. ಇದನ್ನು ಮನಗಂಡೇ ಇಂಟರ್‌ನ್ಯಾಷನಲ್ ಬ್ಯಾಕಲೌರಿಯೇಟ್ ಪಠ್ಯಕ್ರಮವು ಸೇವೆಯನ್ನೂ ಒಳಗೊಂಡ ತನ್ನ ವಿಭಾಗವೊಂದರಲ್ಲಿ ಹಿಂದಿದ್ದ 150 ಗಂಟೆಗಳ ಎಣಿಕೆಯನ್ನು ಕೈಬಿಟ್ಟು, ವಿದ್ಯಾರ್ಥಿಯು ತೋರಿಸಬೇಕಾದ ಕಲಿಕಾ ಫಲಗಳನ್ನು ಅದರ ಸ್ಥಾನದಲ್ಲಿರಿಸಿತು. 2015ರ ಮಾರ್ಗದರ್ಶಿಯಲ್ಲಿ ಇಂತಹ 7 ಫಲಗಳಿವೆ.

ಗುರಿಯನ್ನು ಗೊತ್ತುಪಡಿಸುವ ಬಗೆ

ವಿದ್ಯಾರ್ಥಿ, ಅಧ್ಯಾಪಕ ಹಾಗೂ ಸೇವೆ ಪಡೆಯುವ ಸಂಸ್ಥೆ, ಈ ಮೂವರೂ ಕುಳಿತು ಗುರಿಯನ್ನು ಬರೆದಿಡುವುದು ಉತ್ತಮ. ಸಂಸ್ಥೆಯ ಮಾತು ಮೊದಲು ಬರಬೇಕು. ಏಕೆಂದರೆ ಕೊರತೆ ಯಾವುದೆಂದು ಬಲ್ಲವರು ಅವರೇ.

‘ಬಡ ಮಕ್ಕಳಿಗೆ ನೆರವಾಗುವುದು’ ಎಂಬುದು ಸದಾಶಯ, ಗುರಿಯಲ್ಲ. ‘ಹತ್ತು ಶನಿವಾರಗಳಲ್ಲಿ ಐದು ಮಕ್ಕಳು ತಮ್ಮ ಪಾಠಪುಸ್ತಕದ ಒಂದು ಪುಟವನ್ನು ತಡವರಿಸದೆ ಓದುವಂತಾಗುವುದು’ ಎಂದರೆ ಅದು ಗುರಿ. ಅದರೊಡನೆ ವಿದ್ಯಾರ್ಥಿಯ ಸ್ವಂತ ಕಲಿಕೆಯ ಗುರಿಯೂ ಒಂದಿರಲಿ.

ಇಲ್ಲಿ ನಮ್ಮ ಮನೆಗಳಿಗೆ ಸಂಬಂಧಿಸಿದ ವಿಷಯವೊಂದಿದೆ. ನಮ್ಮ ಅನೇಕ ಮಕ್ಕಳು ತಮಿಳನ್ನು ಸರಾಗವಾಗಿ ಮಾತನಾಡಬಲ್ಲರಾದರೂ ಎಲ್ಲರೂ ಓದಿ ಬರೆಯಲಾರರು. ಅಂತಹವರು ತಮಿಳು ಓದು ಕಲಿಸಲು ಹೊರಟರೆ ಇಬ್ಬರಿಗೂ ನಷ್ಟ. ಗಣಿತ ಹೇಳಿಕೊಡುವ ಕೆಲಸವನ್ನು ಅವರು ಆರಿಸಿಕೊಳ್ಳಬಹುದು. ತಮಿಳು ಅಕ್ಷರ ಕಲಿಯುವುದನ್ನು ತಮ್ಮ ಕಲಿಕೆಯ ಗುರಿಯಾಗಿ ಇಟ್ಟುಕೊಳ್ಳಬಹುದು.

ಊರಿನದೇ ಮತ್ತೊಂದು ಉದಾಹರಣೆ ಪಲ್ಲಾವರಂನ ದೊಡ್ಡ ಕೆರೆ. ತೊರೈಪಾಕ್ಕಂ ಕಡೆಗೆ ಹೋಗುವ ರಸ್ತೆ ಈ ಕೆರೆಯನ್ನು ಇಬ್ಭಾಗ ಮಾಡಿದೆ. ಕಸ ಸುರಿಯುವ ತಾಣವಾಗಿಯೂ ಅದು ಬಹುಕಾಲ ನಲುಗಿತು. ಒಂದು ಭಾನುವಾರ ದಡವನ್ನು ಗುಡಿಸಿ ಛಾಯಾಚಿತ್ರ ತೆಗೆಸಿಕೊಂಡರೆ ಮುಂದಿನ ವಾರ ಕಸ ಮತ್ತೆ ಅಲ್ಲಿರುತ್ತದೆ. ಎಂಟು ವಾರ ದಡದ ಒಂದೇ ಜಾಗದ ಕಸವನ್ನು ಹಿರಿಯರ ಮೇಲ್ವಿಚಾರಣೆಯಲ್ಲಿ ವಿಂಗಡಿಸಿ ತೂಗಿ, ಅದು ಎಲ್ಲಿಂದ ಬರುತ್ತಿದೆಯೆಂದು ಗುರುತಿಸಿ, ವರದಿಯನ್ನು ತಾಂಬರಂ ಮಹಾನಗರಪಾಲಿಕೆಗೆ ಸಲ್ಲಿಸುವುದು ಅಳೆಯಬಲ್ಲ ಗುರಿ. ಪಲ್ಲಾವರಂ ಪುರಸಭೆಯು 2021ರಲ್ಲಿ ಈ ಪಾಲಿಕೆಯಲ್ಲಿ ವಿಲೀನಗೊಂಡಿತು.

ಮೌಲ್ಯಮಾಪನ

ಮೌಲ್ಯಮಾಪನವು ಕೊನೆಯ ದಿನದ ಕಾರ್ಯವಲ್ಲ. ಮೊದಲ ದಿನದ ಸ್ಥಿತಿಯನ್ನು ದಾಖಲಿಸದೆ ಕೊನೆಯ ದಿನದ ಪ್ರಗತಿಯನ್ನು ಅಳೆಯಲಾಗದು. ನಡುವೆ ಒಮ್ಮೆ ಪರಿಶೀಲಿಸಿ ಗುರಿಯನ್ನು ತಿದ್ದಿಕೊಳ್ಳುವ ಅವಕಾಶವೂ ಇರಬೇಕು. ನೂರು ಅಂಕಗಳಿಗೆ ಹೀಗೊಂದು ಮಾದರಿಯನ್ನು ಅನುಸರಿಸಬಹುದು:

* ಹಾಜರಿ ಮತ್ತು ಹೊಣೆಗಾರಿಕೆ: 20
* ಗುರಿಯತ್ತ ಸಾಗಿದ ಪ್ರಮಾಣ: 30
* ವಾರದ ದಿನಚರಿ ಮತ್ತು ಆತ್ಮಾವಲೋಕನ: 30
* ಸಂಸ್ಥೆಯ ಹಾಗೂ ಸೇವೆ ಪಡೆದವರ ಅಭಿಪ್ರಾಯ: 20

ದಿನಚರಿಯಲ್ಲಿ ‘ತುಂಬಾ ಸಂತೋಷವಾಯಿತು’ ಎಂಬ ವಾಕ್ಯಕ್ಕೆ ಅಂಕವಿಲ್ಲ. ‘ಮೂರನೆಯ ವಾರ ಮಕ್ಕಳು ಬರಲಿಲ್ಲ, ಕಾರಣ ವಿಚಾರಿಸಿದೆ, ಸಮಯ ಬದಲಿಸಿದೆ’ ಎಂಬುದಕ್ಕೆ ಅಂಕವುಂಟು. ಗುರಿ ಪೂರ್ಣವಾಗಿ ಈಡೇರದಿದ್ದರೂ, ಕಾರಣವನ್ನು ಪ್ರಾಮಾಣಿಕವಾಗಿ ಕಂಡುಕೊಂಡ ವಿದ್ಯಾರ್ಥಿ ಅನುತ್ತೀರ್ಣನೆನಿಸಬಾರದು. ಹಾಗೆ ಮಾಡಿದಲ್ಲಿ ಮುಂದಿನವರು ಸುಳ್ಳು ವರದಿ ಬರೆಯಲು ಕಲಿಯುತ್ತಾರೆ.

ಬೀಳ್ಕೊಡುಗೆ

ಬಹುತೇಕ ಯೋಜನೆಗಳಲ್ಲಿ ಮರೆತುಹೋಗುವ ಅಂಶ ಇದು. ಹತ್ತು ವಾರ ಅಕ್ಕನೆಂದೋ ಅಣ್ಣನೆಂದೋ ಕರೆದು ಹಚ್ಚಿಕೊಂಡ ಮಗು, ಹನ್ನೊಂದನೆಯ ಶನಿವಾರವೂ ಬಾಗಿಲ ಕಡೆ ನೋಡುತ್ತದೆ. ವಿದ್ಯಾರ್ಥಿಗೆ ಅಂಕ ದೊರೆತಿರುತ್ತದೆ. ಮಗುವಿನ ಓದು ಅಲ್ಲಿಗೇ ನಿಂತಿರುತ್ತದೆ. ಆದುದರಿಂದ ತಾನು ಹೊರಡುವ ದಿನವನ್ನು ಮೊದಲೇ ತಿಳಿಸುವುದು, ಪ್ರತಿ ಮಗು ಎಲ್ಲಿಯವರೆಗೆ ಕಲಿತಿದೆಯೆಂದು ಬರೆದು ಮುಂದಿನವರಿಗೆ ಒಪ್ಪಿಸುವುದು ಗುರಿಯ ಭಾಗವೇ ಆಗಿರತಕ್ಕದ್ದು.

ಪೋಷಕರಾದ ನಾವು ಮಕ್ಕಳನ್ನು ‘ಎಷ್ಟು ಗಂಟೆ ಮುಗಿಯಿತು?’ ಎಂದು ಕೇಳುವುದು ವಾಡಿಕೆ. ‘ನೀನು ಬಂದ ಮೇಲೆ ಆ ಕೆಲಸವನ್ನು ಯಾರು ನೋಡಿಕೊಳ್ಳುತ್ತಿದ್ದಾರೆ?’ ಎಂದೂ ಕೇಳೋಣ.