ಹೈಡ್ರಾಲಿಕ್ ಸಿಲಿಂಡರ್: ರಾಡ್ ಸ್ಥಾನದ ಅಳತೆ

ಹೈಡ್ರಾಲಿಕ್ ಸಿಲಿಂಡರಿನ ರಾಡ್ ಎಷ್ಟು ಹೊರಬಂದಿದೆ ಎಂಬುದನ್ನು ಕ್ಷಣಕ್ಷಣಕ್ಕೂ ಅಳೆದು ಯಂತ್ರದ ನಿಯಂತ್ರಕಕ್ಕೆ ತಿಳಿಸುವ ವಿಧಾನ. ಹೊಸೂರಿನಂಥ ಕೈಗಾರಿಕಾ ಪಟ್ಟಣಗಳ ಪ್ರೆಸ್ ಮತ್ತು ಮೋಲ್ಡಿಂಗ್ ಯಂತ್ರಗಳಲ್ಲಿ ಇದರ ಬಳಕೆಯುಂಟು. ಕಲ್ಲುಕ್ವಾರಿಯ ಸಾಮಾನ್ಯ ಎಕ್ಸ್‌ಕವೇಟರಿನಲ್ಲಿ ಮಾತ್ರ ಈ ಕೆಲಸ ಚಾಲಕನ ಕಣ್ಣಿನದೇ.

ಅಗತ್ಯ: ಒಳಹೋದ ಎಣ್ಣೆಯ ಪ್ರಮಾಣದಿಂದ ಸ್ಥಾನವನ್ನು ಲೆಕ್ಕ ಹಾಕಬಹುದು. 100 ಮಿ.ಮೀ. ವ್ಯಾಸದ ಪಿಸ್ಟನ್ನಿನ ಹಿಂಬದಿಗೆ 1 ಲೀಟರ್ ಎಣ್ಣೆ ಹೋದರೆ ರಾಡ್ ಸುಮಾರು 127 ಮಿ.ಮೀ. ಚಲಿಸುತ್ತದೆ. ಆದರೆ ಸೀಲ್ ಮತ್ತು ವಾಲ್ವ್‌ಗಳಲ್ಲಿನ ಸೋರಿಕೆಯಿಂದ ತಪ್ಪು ಕೂಡುತ್ತಾ ಹೋಗುವುದರಿಂದ ನೇರ ಅಳತೆ ಬೇಕಾಗುತ್ತದೆ.

ಹೊರ ವಿಧಾನಗಳು: ರಾಡ್ ಕೊನೆ ಮುಟ್ಟಿದ್ದನ್ನಷ್ಟೇ ತಿಳಿಯಲು ಲಿಮಿಟ್ ಸ್ವಿಚ್ ಅಥವಾ ಪ್ರಾಕ್ಸಿಮಿಟಿ ಸೆನ್ಸರ್ ಸಾಕು. ಪೂರ್ಣ ಸ್ಟ್ರೋಕ್ (ರಾಡಿನ ಚಲನೆಯ ಉದ್ದ) ಅಳೆಯಲು ಲೀನಿಯರ್ ಪೊಟೆನ್ಷಿಯೊಮೀಟರ್ ಅಥವಾ ತಂತಿ ಎಳೆಯುವ ಸೆನ್ಸರ್ ಜೋಡಿಸುತ್ತಾರೆ. ಇವು ಅಗ್ಗ, ಬದಲಿಸುವುದೂ ಸುಲಭ. ಆದರೆ ಧೂಳು, ಕೆಸರು, ಪೆಟ್ಟುಗಳಿಗೆ ಬೇಗ ಕೆಡುತ್ತವೆ. ನ್ಯೂಮ್ಯಾಟಿಕ್ ಸಿಲಿಂಡರಿನ ಅಲ್ಯೂಮಿನಿಯಂ ಕೊಳವೆಯ ಮೇಲೆ ಕೂರಿಸುವ ಕಾಂತೀಯ ಸ್ವಿಚ್ ಇಲ್ಲಿ ಸಾಮಾನ್ಯವಾಗಿ ಕೆಲಸ ಮಾಡದು, ಏಕೆಂದರೆ ಉಕ್ಕಿನ ಕೊಳವೆ ಒಳಗಿನ ಕಾಂತಕ್ಷೇತ್ರವನ್ನು ತಡೆಯುತ್ತದೆ.

ಒಳ ವಿಧಾನ: ಮ್ಯಾಗ್ನೆಟೊಸ್ಟ್ರಿಕ್ಟಿವ್ ಸೆನ್ಸರ್ ವ್ಯಾಪಕವಾಗಿ ಬಳಕೆಯಲ್ಲಿದೆ. ರಾಡಿನ ನಡುವೆ ಉದ್ದಕ್ಕೆ ರಂಧ್ರ ಕೊರೆದು, ಸಿಲಿಂಡರಿನ ಹಿಂತುದಿಗೆ ಬಿಗಿದ ಸೆನ್ಸರ್ ಕೊಳವೆ ಅದರೊಳಗೆ ಸಾಗುವಂತೆ ಮಾಡುತ್ತಾರೆ. ಪಿಸ್ಟನ್ನಿನಲ್ಲಿ ಉಂಗುರಾಕಾರದ ಕಾಂತವಿರುತ್ತದೆ. ಉಕ್ಕು ಕಾಂತಕ್ಷೇತ್ರವನ್ನು ಸೆಳೆಯದಂತೆ ನಡುವೆ ಅಕಾಂತೀಯ ಬಿಲ್ಲೆ ಇಡುತ್ತಾರೆ. ಕೊಳವೆಯೊಳಗಿನ ವಿಶೇಷ ತಂತಿಗೆ ವಿದ್ಯುತ್ ಸ್ಪಂದ ಕೊಟ್ಟಾಗ, ಕಾಂತವಿರುವ ಜಾಗದಲ್ಲಿ ತಂತಿ ತಿರುಚಿಕೊಂಡು ಅಲೆಯೊಂದು ಹುಟ್ಟುತ್ತದೆ. ಅದು ಸೆಕೆಂಡಿಗೆ ಸುಮಾರು 2,800 ಮೀಟರ್ ವೇಗದಲ್ಲಿ ಹಿಂದಿರುಗುತ್ತದೆ. 1 ಮೀಟರ್ ದೂರಕ್ಕೆ ಸುಮಾರು 360 ಮೈಕ್ರೊಸೆಕೆಂಡ್ ಹಿಡಿಯುತ್ತದೆ. ಈ ಕಾಲದಿಂದಲೇ ಸ್ಥಾನ ಗೊತ್ತಾಗುತ್ತದೆ. ಕಾಂತ ತಂತಿಯನ್ನು ಮುಟ್ಟದ ಕಾರಣ ಸವೆತವಿಲ್ಲ. ವಿದ್ಯುತ್ ಹೋಗಿ ಬಂದರೂ ರಾಡನ್ನು ಮತ್ತೆ ಸೊನ್ನೆಗೆ ತರಬೇಕಿಲ್ಲ.

ಬಳಕೆ: ಬೆಂಗಳೂರಿನ ನಮ್ಮ ಮೆಟ್ರೊ ಸುರಂಗಗಳನ್ನು ಕೊರೆದಂಥ ಯಂತ್ರಗಳು ಹಿಂದಿನ ಕಾಂಕ್ರೀಟ್ ಉಂಗುರಕ್ಕೆ ಜ್ಯಾಕ್‌ಗಳನ್ನು ಒತ್ತಿ ಮುಂದೆ ಸಾಗುತ್ತವೆ. ಎಡ-ಬಲ, ಮೇಲೆ-ಕೆಳಗಿನ ಜ್ಯಾಕ್‌ಗಳ ಸ್ಟ್ರೋಕ್ ವ್ಯತ್ಯಾಸವನ್ನು ನೋಡಿ ಯಂತ್ರದ ದಿಕ್ಕನ್ನು ತಿದ್ದುತ್ತಾರೆ. ಜಲವಿದ್ಯುತ್ ಟರ್ಬೈನಿಗೆ ನೀರು ಬಿಡುವ ಗೇಟುಗಳನ್ನು ನಡೆಸುವ ಹೈಡ್ರಾಲಿಕ್ ಸಿಲಿಂಡರ್ ಆದ ಸರ್ವೊಮೋಟರ್‌ಗೂ ಇಂಥದೇ ಅಳತೆ ಬೇಕು. ಟರ್ಬೈನಿನ ವೇಗ ನಿಯಂತ್ರಿಸುವ ಹಳೆಯ ಗವರ್ನರ್‌ಗಳಲ್ಲಿ ಅದನ್ನು ಸನ್ನೆಗೋಲು, ತಂತಿಗಳೇ ಮುಟ್ಟಿಸುತ್ತಿದ್ದವು.

ಮಿತಿ: ರಾಡ್ ಕೊರೆಯುವ ಖರ್ಚು ಹೆಚ್ಚು, ತೆಳು ರಾಡಿಗೆ ಒಳ ವಿಧಾನ ಹೊಂದದು. ಆದ್ದರಿಂದ ಒಳ ಸೆನ್ಸರ್ ಬೇಕೋ ಬೇಡವೋ ಎಂಬುದನ್ನು ಸಿಲಿಂಡರ್ ತಯಾರಿಸುವ ಮೊದಲೇ ತೀರ್ಮಾನಿಸಬೇಕಾಗುತ್ತದೆ.