1907ರ ಎರಡು ಗಾರೆಗಳು

ಶಿರಾ ತಾಲ್ಲೂಕಿನ ಮದಲೂರು ಕೆರೆಗೆ ನೀರು ತುಂಬಿಸುವುದು ಅಲ್ಲಿನ 2020ರ ಉಪಚುನಾವಣೆಯ ದೊಡ್ಡ ಭರವಸೆಯಾಗಿತ್ತು. ನೀರಿಗೆ ಕಾಯುವುದು ಈ ಸೀಮೆಗೆ ಹೊಸದೇನಲ್ಲ. ನೆರೆಯ ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ 1898ರಲ್ಲಿ ಕೆಲಸ ಶುರುವಾದ ವಾಣಿವಿಲಾಸ ಸಾಗರದ ಕಟ್ಟೆ 1907ರಲ್ಲಿ ಮುಗಿಯಿತು. ಮೊದಲ ಸಲ ಪೂರ್ತಿ ತುಂಬಿದ್ದು 1933ರಲ್ಲಿ. ಎರಡನೇ ಸಲ ತುಂಬಿದ್ದು 2022ರಲ್ಲಿ.

ಈ ವಿಳಂಬ ಕಟ್ಟೆಗೆ ಒಳ್ಳೆಯದೇ ಮಾಡಿರಬೇಕು. ಅದನ್ನು ಕಟ್ಟಿದ ಸುಣ್ಣದ ಗಾರೆ ಅವಸರ ಅರಿಯದ ವಸ್ತು. ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಅದು ಕಲ್ಲಾಗಬೇಕು, ದಪ್ಪ ಗೋಡೆಯ ಒಡಲಿಗೆ ಆ ಗಾಳಿ ಹೋಗುವುದೇ ನಿಧಾನ. ಅದಕ್ಕೇ ಇಟ್ಟಿಗೆ ಪುಡಿಯ ಸುರ್ಕಿ ಬೆರೆಸುತ್ತಿದ್ದರು. ಕನ್ನಂಬಾಡಿ ಕಟ್ಟೆ ನಿಂತಿರುವುದು ಅದರ ಮೇಲೆ. ಸುರ್ಕಿ ಗಾರೆಯೂ ವರ್ಷಗಟ್ಟಲೆ ಬಲಿಯುತ್ತಲೇ ಇರುತ್ತದೆ.

ಮಾರಿಕಣಿವೆಯ ಕೆಲಸ ಮುಗಿದ ಆ 1907ರಲ್ಲೇ, ಷಿಕಾಗೋದ ಫೀಲ್ಡ್ ಮ್ಯೂಸಿಯಂನಲ್ಲಿ ಕಾರ್ಲ್ ಎಕ್ಲಿ ಎಂಬಾತ, ಸತ್ತ ಪ್ರಾಣಿಗಳನ್ನು ಜೀವಂತವೆಂಬಂತೆ ನಿಲ್ಲಿಸುವ ಕುಶಲಿ, ಕಟ್ಟಡದ ಉದುರುವ ಗೋಡೆಗೆ ಗಾರೆಯನ್ನು ಗಾಳಿಯ ಒತ್ತಡದಿಂದ ಚಿಮ್ಮಿಸುವ ಯಂತ್ರ ಕಟ್ಟಿದ. ಗಾರೆ, ಕಾಂಕ್ರೀಟು ಎರಚುವ ಇಂದಿನ ಗನೈಟಿಂಗ್, ಶಾಟ್‌ಕ್ರೀಟ್ ಎರಡಕ್ಕೂ ಮೂಲ ಅದೇ. ಅವನು ಎಂಜಿನಿಯರಲ್ಲ ಎಂಬುದು ಸೊಗಸು.

ಈ ಎರಚುವ ವಿದ್ಯೆ ಸುರಂಗಕ್ಕೆ ಬಂದಾಗ ಲೆಕ್ಕವೇ ತಿರುಗಿತು. ಕಟ್ಟೆ ಕಾಯಬಲ್ಲದು, ಆದರೆ ಆಗಷ್ಟೇ ಅಗೆದ ಸುರಂಗದ ಛಾವಣಿ ಕಾಯದು. ಬೇಗ ಬಿಗಿಯುವ ರಾಸಾಯನಿಕ ಸೇರಿಸಿ ಎರಚಿದ ಕಾಂಕ್ರೀಟು ಕೆಲವೇ ಗಂಟೆಯಲ್ಲಿ ಭಾರ ಹೊರಬೇಕು. 1960ರ ದಶಕದಲ್ಲಿ ಆಸ್ಟ್ರಿಯದ ರಾಬ್ಸೆವಿಚ್ ಹೆಸರಿಟ್ಟ ಸುರಂಗ ಪದ್ಧತಿ ನಿಂತಿದ್ದೇ ಈ ಎಳೆಯ ಬಲದ ಮೇಲೆ. ಮೊದಲ ನಿಮಿಷಗಳಲ್ಲಿ ಸೂಜಿ ಒತ್ತಿ, ಆಮೇಲೆ ಮೊಳೆ ಹೊಡೆದು, ಗಟ್ಟಿಯಾದ ಮೇಲೆ ಕೊರೆದು ತೆಗೆದ ತುಂಡನ್ನು ಒಡೆದು ಅಳೆಯುತ್ತಾರೆ. ಅಲ್ಲಿನ ಎಂಜಿನಿಯರುಗಳು ಜೆ1, ಜೆ2, ಜೆ3 ಎಂಬ ಗೆರೆಗಳನ್ನೇ ಎಳೆದಿಟ್ಟಿದ್ದಾರೆ: ಇಷ್ಟು ಹೊತ್ತಿಗೆ ಇಷ್ಟಾದರೂ ಬಲ ಇರಲೇಬೇಕು.

ಹೀಗೆ ಅಳೆಯದೆ, ಉಷ್ಣತೆಯನ್ನೂ ಕಾಲವನ್ನೂ ಕೂಡಿಸಿ ಬಲವನ್ನು ಊಹಿಸುವ ಸೂತ್ರ ಬ್ರಿಟನ್ನಿನ ನರ್ಸ್ (1949) ಮತ್ತು ಸಾಲ್ (1951) ಅವರದು. ಅದು ಹಬೆಯಲ್ಲಿ ಹದಗೊಳಿಸಿದ ಸಾಮಾನ್ಯ ಕಾಂಕ್ರೀಟಿನ ಅನುಭವದಿಂದ ಬಂದದ್ದು. ಎರಚಿದ್ದಕ್ಕೆ ಅದನ್ನು ಹಾಗೇ ಹಚ್ಚಲಾಗದು. ಬಿಗಿಯಲು ಹಾಕುವ ಮದ್ದು ಹೆಚ್ಚಾದರೆ ಮೊದಲ ದಿನದ ಬಲ ಏರಿ, 28 ದಿನದ ಬಲ ಇಳಿಯುವುದುಂಟು. ನಳಿಗೆ ಹಿಡಿದವನ ಕೋನ, ದೂರ, ಪುಟಿದು ಬೀಳುವ ಪಾಲು ಇವುಗಳಿಂದಲೂ ಗೋಡೆ ಒಂದೊಂದೆಡೆ ಒಂದೊಂದು ಹದಕ್ಕೆ ಬರುತ್ತದೆ. ಹಾಗಾಗಿ ಸೂತ್ರ ಏನೇ ಹೇಳಲಿ, ಕೊನೆಗೆ ಗೋಡೆಯಿಂದಲೇ ತುಂಡು ತೆಗೆದು ನೋಡುತ್ತಾರೆ.