ಪರದೆ ಕೆಟ್ಟಿಲ್ಲ, ಡ್ರೈವರ್ ಇಲ್ಲ: ಹಳೇ ಕಂಪ್ಯೂಟರಿನ ಕತೆ

ನಮ್ಮೂರ ಕಡೆಯ ಒಂದು ಹಾಲಿನ ಡೇರಿಯ ಕಂಪ್ಯೂಟರು ಒಂದು ಬೆಳಿಗ್ಗೆ ಇದ್ದಕ್ಕಿದ್ದ ಹಾಗೆ ದಪ್ಪ ದಪ್ಪ ಅಕ್ಷರ ತೋರಿಸೋಕೆ ಶುರು ಮಾಡಿತು. ಐಕಾನುಗಳು ನಿಪ್ಪಟ್ಟಿನಷ್ಟು ಅಗಲ, ಬಣ್ಣ ಎಲ್ಲ ಮಾಸಲು. ಪುಟ ಮೇಲೆ ಸರಿಸಿದರೆ ಪರದೆ ನಿಧಾನಕ್ಕೆ ಎಳೆದುಕೊಂಡು ಹೋಗುತ್ತಿತ್ತು. ಪೇಟೆಯ ಒಂದು ಅಂಗಡಿಗೆ ಹೊತ್ತುಕೊಂಡು ಹೋದೆವು. ಅವರು ಪೂರ್ತಿ ಫಾರ್ಮ್ಯಾಟ್ ಮಾಡಿ ಕೊಟ್ಟರು. ಪರದೆ ಸರಿಹೋಯಿತು, ಮೂರು ವರ್ಷದ ಹಾಲಿನ ಲೆಕ್ಕ ಅಳಿಸಿಹೋಯಿತು. ಕೆಟ್ಟಿದ್ದು ಡಿಸ್‌ಪ್ಲೇ ಡ್ರೈವರ್ ಒಂದೇ ಅಂತ ನನಗೆ ತಿಳಿದದ್ದು ಆಮೇಲೆ.

ಡ್ರೈವರ್ ಅಂದರೆ ದುಭಾಷಿ. ಬಾಗೇಪಲ್ಲಿ, ಗೌರಿಬಿದನೂರು ಕಡೆ ಕನ್ನಡ ತೆಲುಗು ಎರಡೂ ಬಲ್ಲವರೇ ಜಾಸ್ತಿ, ನಮಗೆ ದುಭಾಷಿ ಬೇಕಿಲ್ಲ. ಕಂಪ್ಯೂಟರಿಗೆ ಬೇಕು. ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಚಿಪ್ಪಿನ ಭಾಷೆ ವಿಂಡೋಸ್‌ಗೆ ತಾನಾಗಿ ಬರೋದಿಲ್ಲ. ದುಭಾಷಿ ಕಾಣೆಯಾದರೆ ಇಬ್ಬರೂ ಕೈಸನ್ನೆಗೆ ಇಳಿಯುತ್ತಾರೆ. ಆ ಕೈಸನ್ನೆಯ ಹೆಸರು ವಿಜಿಎ. 1987ರಲ್ಲಿ ಐಬಿಎಂ ಕಂಪನಿ ತಂದದ್ದು: ಅಡ್ಡಕ್ಕೆ 640 ಚುಕ್ಕಿ, ಉದ್ದಕ್ಕೆ 480 ಚುಕ್ಕಿ, 16 ಬಣ್ಣ. ಹಳೇ ವಿಂಡೋಸ್‌ಗಳು ಡ್ರೈವರ್ ಸಿಗದಿದ್ದರೆ ಅಲ್ಲಿಗೇ ಬಂದು ನಿಲ್ಲುತ್ತಿದ್ದವು. ಡೇರಿಯಲ್ಲಿ ಕಂಡ ದಪ್ಪ ಅಕ್ಷರಕ್ಕೂ ಅದೇ ಕಾರಣ.

ಅದಕ್ಕೂ ಹಿಂದಿನ ಕಾಲದಲ್ಲಿ ಕನ್ನಡಕ್ಕೆ ಪರದೆಯ ಮೇಲೆ ಜಾಗವೇ ಇರಲಿಲ್ಲ. ಡಾಸ್ ಪರದೆ ಅಂದರೆ 80 ಕಂಬ, 25 ಸಾಲು. ಪ್ರತಿ ಅಕ್ಷರಕ್ಕೂ ಒಂದೇ ಅಳತೆಯ ಚೌಕ. ಇಂಗ್ಲಿಷಿಗೆ ಅಷ್ಟು ಸಾಕು. ‘ಶಿಡ್ಲಘಟ್ಟ’ ಅಂತ ಬರೆದು ನೋಡಿ: ಎರಡು ಒತ್ತು ಕೆಳಗೆ ಇಳಿಯಬೇಕು, ಗುಡಿಸು ಮೇಲೆ ಏರಬೇಕು. ಚೌಕದೊಳಗೆ ಹಿಡಿಸೋದು ಹೇಗೆ? ಐಐಟಿ ಕಾನ್ಪುರದಲ್ಲಿ 1980ರ ದಶಕದಲ್ಲಿ ಭಾರತೀಯ ಲಿಪಿಗಳಿಗಾಗಿ ನಡೆದ ಕೆಲಸ ಆಮೇಲೆ ಪುಣೆಯ ಸಿ-ಡ್ಯಾಕ್‌ಗೆ ಬಂತು. ಅಲ್ಲಿಂದ ಹೊರಬಂದದ್ದು ಜಿಸ್ಟ್ ಕಾರ್ಡ್. ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿ ಒಳಗೆ ಸಿಕ್ಕಿಸುವ ಒಂದು ಹಲಗೆ. ಇಂಗ್ಲಿಷಿಗಾಗಿ ಮಾಡಿದ ಡಾಸ್ ಪರದೆಯ ಮೇಲೆ ನಮ್ಮ ಲಿಪಿ ಮೂಡಿಸುವ ಕೆಲಸ ಅದರದ್ದು. ಕನ್ನಡ ಕಾಣಬೇಕಾದರೆ ಕಾರ್ಡಿಗೇ ದುಡ್ಡು ಕೊಡಬೇಕಿದ್ದ ಕಾಲ ಅದು.

ವಿಂಡೋಸ್ ಬಂದ ಮೇಲೆ ಪರದೆಯ ಪ್ರತಿ ಚುಕ್ಕಿಯೂ ಕೈಗೆ ಸಿಕ್ಕಿತು. ಅಕ್ಷರವನ್ನೂ ಚಿತ್ರದ ಹಾಗೆ ಬರೆಯಬಹುದಾಯಿತು, ಕಾರ್ಡ್ ಬೇಡವಾಯಿತು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯನ್ನು ಆಧರಿಸಿ ಕನ್ನಡ ಗಣಕ ಪರಿಷತ್ತು ನುಡಿ ತಂದಿತು. ಆದರೆ ಈಗ ಭಾರವೆಲ್ಲ ಫಾಂಟು ಮತ್ತು ಡ್ರೈವರಿನ ಮೇಲೆ ಬಿತ್ತು.

ನಮ್ಮ ಹಳ್ಳಿಗಳ ಜನಕ್ಕೆ ಕಂಪ್ಯೂಟರ್ ಪರದೆ ನಿಜವಾಗಿ ಮುಖ್ಯವಾದದ್ದು ‘ಭೂಮಿ’ ಯೋಜನೆಯಿಂದ. ಆಗ ಚಿಕ್ಕಬಳ್ಳಾಪುರ ಇನ್ನೂ ಕೋಲಾರ ಜಿಲ್ಲೆಯ ತಾಲ್ಲೂಕು. ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಅಲ್ಲಿಯವರೆಗೆ ಪಹಣಿ ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕದಲ್ಲಿತ್ತು. ರಾಜ್ಯದಲ್ಲಿ ಅಂಥವರು ಸುಮಾರು 9,000 ಮಂದಿ. ಅವರು ಪುಸ್ತಕ ತೆರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ದಾಖಲೆ ಕಂಪ್ಯೂಟರಿಗೆ ಏರಿತು, 15 ರೂಪಾಯಿಗೆ ಪಹಣಿ ಸಿಗತೊಡಗಿತು. ಕೈಬರಹದ ಪಹಣಿಗೆ ಬೆಲೆ ಇಲ್ಲದಂತಾಯಿತು. ಈ ಕೇಂದ್ರಗಳಲ್ಲಿ ನನಗೆ ತುಂಬ ಹಿಡಿಸಿದ ವಿಷಯ ಒಂದಿದೆ: ಎರಡನೇ ಪರದೆ. ಒಂದು ಪರದೆ ನೌಕರರ ಕಡೆಗೆ, ಇನ್ನೊಂದು ರೈತರ ಕಡೆಗೆ. ಒಳಗೆ ಏನು ಟೈಪ್ ಆಗುತ್ತಿದೆ ಅಂತ ಹೊರಗೆ ನಿಂತವರೂ ನೋಡಬಹುದು. ತನ್ನ ಸರ್ವೆ ನಂಬರು, ತನ್ನ ಹೆಸರು, ಗುಂಟೆ ಲೆಕ್ಕ, ಎಲ್ಲ ಕಣ್ಣೆದುರಿಗೇ. ಅಂಥ ಪರದೆ ಅಕ್ಷರ ತಪ್ಪಾಗಿ ತೋರಿಸಿದರೆ ಅದನ್ನು ಬರೀ ಕಂಪ್ಯೂಟರ್ ರಿಪೇರಿ ಅನ್ನೋಕಾಗುತ್ತಾ?

ಮುಂದಿನ ತೊಂದರೆ ತಂದದ್ದು ಕಂಪನಿಗಳೇ. 2007ರಲ್ಲಿ ವಿಸ್ಟಾ ಮಾರುಕಟ್ಟೆಗೆ ಬಂದಾಗ ಮೈಕ್ರೋಸಾಫ್ಟ್ ಡ್ರೈವರಿನ ಕಟ್ಟಡವನ್ನೇ ಬದಲಿಸಿತು. ಎಕ್ಸ್‌ಪಿ ಕಾಲದ ಇಂಟೆಲ್ 845, 865 ಚಿಪ್ಪುಗಳಿಗೆ ಹೊಸ ಬಗೆಯ ಡ್ರೈವರ್ ಬರಲೇ ಇಲ್ಲ. ವಿಂಡೋಸ್ 7ರವರೆಗೆ ಹಳೇದನ್ನೇ ಹೇಗೋ ಹಾಕಬಹುದಿತ್ತು, ವಿಂಡೋಸ್ 8ರಲ್ಲಿ ಆ ದಾರಿಯೂ ಮುಚ್ಚಿತು. ಇತ್ತ 2014ರ ಏಪ್ರಿಲ್ 8ಕ್ಕೆ ಎಕ್ಸ್‌ಪಿಗೆ ಬೆಂಬಲ ನಿಂತಿತು. ಚೆನ್ನಾಗಿ ಓಡುವ ಯಂತ್ರ, ಆದರೆ ಹಳೇ ವಿಂಡೋಸ್‌ಗೆ ರಕ್ಷಣೆ ಇಲ್ಲ, ಹೊಸದಕ್ಕೆ ಡ್ರೈವರ್ ಇಲ್ಲ. ಮದರ್‌ಬೋರ್ಡ್ ಜೊತೆ ಡ್ರೈವರ್ ಸಿಡಿ ಬರುತ್ತಿತ್ತು, ನಿಜ. ಆ ಸಿಡಿಯನ್ನು ತೋಟದಲ್ಲಿ ಹಕ್ಕಿ ಓಡಿಸೋಕೆ ಕಟ್ಟಿದ್ದನ್ನು ನಾನೇ ನೋಡಿದ್ದೇನೆ.

ಇಂಥ ಯಂತ್ರ ನಿಮ್ಮ ಹತ್ತಿರ ಇದ್ದರೆ ಮೊದಲು ಕಾಯಿಲೆ ಯಾವುದು ನೋಡಿ. ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬಂದರೆ ನುಡಿ ಅಥವಾ ಬರಹ ಫಾಂಟು ಇಲ್ಲ ಅಂತ ಅರ್ಥ. ಬರೀ ಚೌಕ ಕಂಡರೆ ಯೂನಿಕೋಡ್ ಫಾಂಟು ಇಲ್ಲ. ಒತ್ತಕ್ಷರ ಬಿಡಿಬಿಡಿಯಾಗಿ ನಿಂತರೆ, ಎಕ್ಸ್‌ಪಿಯಲ್ಲಾದರೆ ಭಾರತೀಯ ಭಾಷೆಗಳ ಬೆಂಬಲವನ್ನು ವಿಂಡೋಸ್ ಸಿಡಿಯಿಂದ ಹಾಕಬೇಕು. ಈ ಮೂರಕ್ಕೂ ಡ್ರೈವರಿಗೂ ಸಂಬಂಧವಿಲ್ಲ. ಎಲ್ಲವೂ ದಪ್ಪಗಾಗಿ, ಬಣ್ಣ ಕೆಟ್ಟು, ನಿಧಾನವಾದರೆ ಮಾತ್ರ ಡ್ರೈವರಿನ ಮೇಲೆ ಅನುಮಾನ ಪಡಿ. ಡಿವೈಸ್ ಮ್ಯಾನೇಜರ್ ತೆರೆದು ಡಿಸ್‌ಪ್ಲೇ ಅಡಾಪ್ಟರ್ ಎದುರು ಹಳದಿ ಗುರುತು ಇದೆಯಾ ನೋಡಿ. ಹೊಸ ಡ್ರೈವರ್ ಹಾಕಿದ ಮೇಲೆ ಕೆಟ್ಟಿದ್ದರೆ ಅಲ್ಲೇ ‘ರೋಲ್ ಬ್ಯಾಕ್’ ಒತ್ತಿ ಹಳೇದಕ್ಕೆ ಮರಳಬಹುದು. ಚಿಪ್ಪು ಯಾವುದೆಂದೇ ಗೊತ್ತಿಲ್ಲದಿದ್ದರೆ ಅದೇ ಜಾಗದಲ್ಲಿ ಹಾರ್ಡ್‌ವೇರ್ ಐಡಿ ಸಿಗುತ್ತದೆ. ಅದರಲ್ಲಿ 8086 ಅಂತಿದ್ದರೆ ಇಂಟೆಲ್, 1002 ಇದ್ದರೆ ಎಟಿಐ. 8086 ಅನ್ನೋದು ಇಂಟೆಲ್ 1978ರಲ್ಲಿ ತಂದ ಪ್ರೊಸೆಸರಿನ ಹೆಸರು, ಅದನ್ನೇ ಗುರುತಿನ ನಂಬರಾಗಿ ಇಟ್ಟುಕೊಂಡಿದೆ. ಆ ನಂಬರ್ ಹಿಡಿದು ಹುಡುಕಿದರೆ ಸರಿಯಾದ ಡ್ರೈವರ್ ಯಾವುದೆಂದು ಗೊತ್ತಾಗುತ್ತದೆ. ವಿಂಡೋಸ್‌ನಲ್ಲಿ ಸಿಗದಿದ್ದರೆ ಲಿನಕ್ಸ್ ಹಾಕಿ ನೋಡಿ. ಹಳೇ ಇಂಟೆಲ್ ಚಿಪ್ಪುಗಳ ಡ್ರೈವರ್ ಬಹುಪಾಲು ಅದರೊಳಗೇ ಇರುತ್ತದೆ.

ಇಷ್ಟಕ್ಕೆ ಫಾರ್ಮ್ಯಾಟ್ ಬೇಕಿಲ್ಲ. ಅಂಗಡಿಯವರು ಬೇಕೇ ಬೇಕು ಅಂದರೂ ಮೊದಲು ಲೆಕ್ಕದ ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಿ, ಹಾಕಿದ್ದು ತೆರೆಯುತ್ತದೆಯೇ ಅಂತ ಅಲ್ಲೇ ನೋಡಿ.

ಡೇರಿಯಲ್ಲಿ ಈಗ ಸದಸ್ಯರ ಪಾಸ್‌ಬುಕ್ಕುಗಳನ್ನು ಒಂದೊಂದಾಗಿ ತರಿಸಿಕೊಂಡು ಮೂರು ವರ್ಷದ ಲೆಕ್ಕವನ್ನು ಮತ್ತೆ ಟೈಪ್ ಮಾಡುತ್ತಿದ್ದಾರೆ. ಎರಡು ಪಾಸ್‌ಬುಕ್ಕಿಗೆ ಗೆದ್ದಲು ಹಿಡಿದಿದೆ. ಆ ಎರಡು ಮನೆಯವರ ಬೋನಸ್ಸನ್ನು ಯಾವ ಲೆಕ್ಕದಲ್ಲಿ ಕೊಡೋದು ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ.